ಸೊನ್ನೆ ವರ್ಷ

ಜಾಣನ ಕೆನ್ನೆಗೆ ಬಾರಿಸಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಇನ್ನೆರಡು ಬಿಡಲಿಲ್ಲವಲ್ಲ ಎಂಬುದೊಂದೇ ಸಂಕಟ. ಮ್ಯೂಸಿಯಂನಲ್ಲಿ ನಾನು ಹಳೆಯ ಕಾಲದ ತಾರೀಖುಗಳನ್ನು ಕಂಪ್ಯೂಟರಿಗೆ ತುಂಬುವವಳು, ಅವನು ಅವುಗಳಿಂದ ಉತ್ತರ ತೆಗೆಯುವ ಪ್ರೋಗ್ರಾಂ ಬರೆಯುವವನು. ಯಾರು ಏನು ಹೇಳಿದರೂ "ಗೊತ್ತು, ಗೊತ್ತು" ಎನ್ನುತ್ತಿದ್ದುದರಿಂದ ಇಡೀ ಆಫೀಸು ಅವನನ್ನು ಜಾಣ ಎಂದೇ ಕರೆಯುತ್ತಿತ್ತು.

ಹೊಳೆ ಬೀದಿಯಲ್ಲಿ ಚರಂಡಿ ತೋಡುವಾಗ ಒಂದು ಗುಂಡಿ ಸಿಕ್ಕಿತ್ತು. ಅದರ ತುಂಬ ಮನುಷ್ಯರ ಎಲುಬು. ತಲೆಬುರುಡೆಗಳನ್ನು ಹಿಂದಿನಿಂದ ಒಡೆದಿದ್ದರು, ಕೂಸುಗಳದ್ದನ್ನೂ ಬಿಟ್ಟಿರಲಿಲ್ಲ. ಹೊರಗಿನ ಸೈನ್ಯ ಊರಿಗೆ ನುಗ್ಗಿ ಕೊಂದದ್ದೋ, ಅದು ಬರುವ ಮೊದಲೇ ಕೋಟೆ ಬೀದಿಯವರು ತಮ್ಮ ನೆರೆಯ ಹೊಳೆ ಬೀದಿಯವರನ್ನು ಕೊಂದದ್ದೋ ಎಂಬುದೇ ಪ್ರಶ್ನೆ. ಎರಡೂ ಬೀದಿಯವರು ಇಂದಿಗೂ ಒಬ್ಬರನ್ನೊಬ್ಬರು ಕಂಡರೆ ಕೆಂಡ ಕಾರುತ್ತಾರೆ. ಗುಂಡಿಯಲ್ಲಿದ್ದ ಮರದ ದಿಮ್ಮಿಯ ಉಂಗುರಗಳನ್ನು ಎಣಿಸಿದಾಗ ವರ್ಷ ಗೊತ್ತಾಯಿತು: ಕ್ರಿಸ್ತಪೂರ್ವ ಎಂಬತ್ತೈದು. ಸೈನ್ಯ ಬಂದದ್ದು ಅದೇ ವರ್ಷದ ಆರಂಭದಲ್ಲಿ, ಮರ ಕಡಿದದ್ದು ಕೊನೆಯಲ್ಲಿ. ಅಲ್ಲಿಗೆ ಕೊಲೆ ನಡೆದದ್ದು ಸೈನ್ಯ ಬಂದ ಮೇಲೆ ಎಂದಾಗಿ, ಕೋಟೆ ಬೀದಿಯ ಮೇಲಿನ ಅಪವಾದ ಕಳೆಯಬೇಕಿತ್ತು.

ಆದರೆ ಕಂಪ್ಯೂಟರಿಗೆ ಕ್ರಿಸ್ತಪೂರ್ವ ಎಂದರೆ ಮೈನಸ್ ಗುರುತು. ಹಳೆಯ ನಿಯಮದಲ್ಲಿ ಸೊನ್ನೆ ಎಂಬ ವರ್ಷವೇ ಇಲ್ಲ, ಎಂಬತ್ತೈದು ಎಂದರೆ ಮೈನಸ್ ಎಂಬತ್ತೈದು. ಹೊಸ ನಿಯಮದಲ್ಲಿ ಕ್ರಿಸ್ತಪೂರ್ವ ಒಂದನ್ನೇ ಸೊನ್ನೆ ಎನ್ನುತ್ತಾರೆ, ಹಾಗಾಗಿ ಅದೇ ವರ್ಷ ಮೈನಸ್ ಎಂಬತ್ತನಾಲ್ಕು. ಎಲುಬಿನ ಮಾಹಿತಿ ನಮ್ಮ ಹಳೆಯ ಪದ್ಧತಿಯಲ್ಲಿತ್ತು, ಸೈನ್ಯದ್ದು ಬೇರೆ ಸಂಸ್ಥೆಯಿಂದ ಹೊಸ ಪದ್ಧತಿಯಲ್ಲಿ ಬಂದಿತ್ತು. ಹಾಗೇ ಹೋಲಿಸಿದರೆ ಎಲುಬು ಸೈನ್ಯಕ್ಕಿಂತ ಒಂದು ವರ್ಷ ಹಳೆಯದೆಂದು ಕಾಣುತ್ತಿತ್ತು. ಅದಕ್ಕೇ ಪ್ರತಿ ವರ್ಷದ ಪಕ್ಕದ ಕಾಲಂನಲ್ಲಿ ಯಾವ ನಿಯಮ ಎಂದು ನಮೂದಿಸಿದ್ದೆ. ಎರಡನ್ನೂ ಒಂದೇ ನಿಯಮಕ್ಕೆ ತಂದು ಆಮೇಲೆ ಹೋಲಿಸು ಎಂದು ಜಾಣನಿಗೆ ಬಾಯಿ ನೋಯುವಷ್ಟು ಹೇಳಿದ್ದೆ. ಗೊತ್ತು, ಗೊತ್ತು ಎಂದಿದ್ದ.

ಪ್ರದರ್ಶನ ಶುರುವಾದ ಮಧ್ಯಾಹ್ನ ನನ್ನ ತಮ್ಮನ ಫೋನು ಬಂತು. ಅವನದು ಕೋಟೆ ಬೀದಿಯಲ್ಲಿ ಕ್ಷೌರದಂಗಡಿ.

"ಅಕ್ಕಾ, ಏನ್ ಹಾಕಿದೀರೇ ಅಲ್ಲಿ? ನಾವೇ ಕೊಂದದ್ದು ಅಂತ ಎಲ್ಲರ ಫೋನಿಗೂ ಬಂದಿದೆ. ಹೊಳೆ ಬೀದಿಯೋರು ರಾಡ್ ಹಿಡ್ಕೊಂಡು ಬರ್ತಿದಾರೆ."

"ಬಾಗಿಲು ಹಾಕ್ಕೊಳೋ!"

"ಐಸ್ ಹೊರೋನು ಕೂತಿದಾನೆ ಕಣೇ. ಅರ್ಧ ಗಡ್ಡ ಆಗಿದೆ, ಮುಗಿಸಿ ಹಾಕ್ತೀನಿ."

ಐಸ್ ಹೊರುವವನು ಹೊಳೆ ಬೀದಿಯವನೇ, ಮೀಸೆ ಮೂಡಿದಾಗಿನಿಂದ ತಮ್ಮನ ಗಿರಾಕಿ. ಅಷ್ಟರಲ್ಲಿ ಗಾಜು ಒಡೆದ ಸದ್ದು ಕೇಳಿ ಫೋನು ನಿಂತುಹೋಯಿತು.

ಪ್ರದರ್ಶನದ ಹಾಲಿಗೆ ಓಡಿದೆ. ಪರದೆಯ ಮೇಲೆ ದಪ್ಪಕ್ಷರಗಳಲ್ಲಿತ್ತು: ಈ ಹತ್ಯೆ ಸೈನ್ಯ ಬರುವ ಒಂದು ವರ್ಷ ಮುಂಚೆ ನಡೆಯಿತು.

"ನಿಯಮದ ಕಾಲಂ ಎಲ್ಲೋ?" ಎಂದು ಅಲ್ಲಿದ್ದ ಜಾಣನನ್ನು ಕೇಳಿದೆ.

"ಅದಾ ಮೇಡಂ? ಪರದೇಲಿ ಚೆನ್ನಾಗಿ ಕಾಣ್ತಿರಲಿಲ್ಲ, ತೆಗೆದುಬಿಟ್ಟೆ. ಎರಡೂ ಮೈನಸ್ಸೇ ತಾನೇ?" ಎಂದ ಜಾಣ. "ಅಷ್ಟು ಹಳೇದು, ಒಂದು ವರ್ಷ ಹೆಚ್ಚುಕಮ್ಮಿ ಆದ್ರೆ ಯಾರಿಗೇನು?"

ಆಗಲೇ ಬಾರಿಸಿದ್ದು. ಕನ್ನಡಕ ಹಾರಿತು, ತುಟಿ ಒಡೆಯಿತು. ಪರದೆಯ ವೈರು ಕಿತ್ತೆಸೆದು ಬೀದಿಗಿಳಿದೆ.

ಕೋಟೆ ಬೀದಿಯಲ್ಲಿ ಸೈಕಲ್ ಅಂಗಡಿ ಹೊತ್ತಿ ಉರಿಯುತ್ತಿತ್ತು. ಒಬ್ಬ ಮುದುಕನನ್ನು ಕೂದಲು ಹಿಡಿದು ಎಳೆದು ಮೆಟ್ಟಿಲಿಗೆ ತಲೆ ಜಜ್ಜುತ್ತಿದ್ದರು. ನಾನು ನಿಲ್ಲಲಿಲ್ಲ. ನನಗೆ ನನ್ನ ತಮ್ಮ ಬೇಕಿತ್ತು.

ಅವನು ಅಂಗಡಿಯೊಳಗೆ ಕುರ್ಚಿಯ ಬುಡದಲ್ಲಿ ಬಿದ್ದಿದ್ದ. ಕತ್ತಿನಿಂದ ರಕ್ತ ಬುಳುಬುಳು ಹರಿದು ಕತ್ತರಿಸಿದ ಕೂದಲನ್ನೆಲ್ಲ ತೋಯಿಸುತ್ತಿತ್ತು. ಐಸಿನವನು ತಮ್ಮನದೇ ಕ್ಷೌರದ ಕತ್ತಿ ಹಿಡಿದು ನಿಂತಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

"ನಾವಲ್ಲ ಕಣೋ ಕೊಂದದ್ದು!" ಎಂದು ಕಿರುಚಿದೆ. "ಸೈನ್ಯದೋರು ಕೊಂದದ್ದು. ಲೆಕ್ಕ ತಪ್ಪಾಗಿದೆ, ಒಂದೇ ಒಂದು ವರ್ಷ!"

"ನಿಮ್ಮ ಮ್ಯೂಸಿಯಂನೋರೇ ಹಾಕಿದ್ರಲ್ಲಕ್ಕಾ..." ಎಂದ ಅವನು. "ನಮ್ಮೋರು ಬಾಗಿಲಲ್ಲಿ ನಿಂತು, ಇವನ ಹತ್ರ ಗಡ್ಡ ಮಾಡಿಸ್ಕೊಳ್ತೀಯಾ ನಾಚಿಕೆಗೆಟ್ಟೋನೇ ಅಂದ್ರು. ಕತ್ತಿ ಹೇಗೆ ಕೈಗೆ ಬಂತೋ..."

ಕತ್ತಿ ಕೈಜಾರಿ ಬಿತ್ತು. ಅದನ್ನೇ ಎತ್ತಿ ಅವನ ಹೊಟ್ಟೆಗೆ ಹಾಕಬೇಕೆನಿಸಿತು. ಆದರೆ ತಮ್ಮನನ್ನು ಹೊರಲು ನನಗೆ ಅವನ ಬೆನ್ನು ಬೇಕಿತ್ತು, ಅದಕ್ಕೇ ಬಿಟ್ಟೆ. ಅವನು ಐಸಿನ ದಿಮ್ಮಿ ಹೊರುವ ಹಾಗೆ ತಮ್ಮನನ್ನು ಬೆನ್ನಿಗೇರಿಸಿಕೊಂಡು ಓಡಿದ. ನಾನು ತಮ್ಮನ ಕುತ್ತಿಗೆಗೆ ಟವೆಲ್ ಒತ್ತಿಕೊಂಡು ಜೊತೆಗೆ ಓಡಿದೆ. ತಿರುವಿನಲ್ಲಿ ಅವನ ಬೀದಿಯವರೇ ಅಡ್ಡಗಟ್ಟಿ ಅವನ ತಲೆಗೆ ರಾಡಿನಿಂದ ಹೊಡೆದರು. ಹಣೆಯಿಂದ ರಕ್ತ ಇಳಿದು ನೊರೆಯೊಂದಿಗೆ ಬೆರೆಯಿತು. ಅವನು ತಮ್ಮನನ್ನು ಕೆಳಗಿಳಿಸಲಿಲ್ಲ.

ಆಸ್ಪತ್ರೆಯ ಡಾಕ್ಟರು ಟವೆಲ್ ಎತ್ತಿ ನೋಡಿದರು. ಮತ್ತೆ ಅದನ್ನೇ ತಮ್ಮನ ಮುಖದ ಮೇಲೆ ಹೊದಿಸಿದರು. ಐಸಿನವನು ಗೋಡೆಗೊರಗಿ ಕುಸಿದು ಮಗುವಿನ ಹಾಗೆ ಅತ್ತ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

"ತೀರಿಕೊಂಡದ್ದು ಯಾವತ್ತಮ್ಮಾ?" ಗುಮಾಸ್ತ ತಲೆಯೆತ್ತದೆ ಕೇಳಿದ.

"ಇವತ್ತು," ಎಂದೆ. ಹಳೆಯ ನಿಯಮದಲ್ಲೂ ಹೊಸ ನಿಯಮದಲ್ಲೂ ಅದು ಇವತ್ತೇ ಆಗಿತ್ತು.