ಮೇಜಿನ ನಡುವೆ ಇಟ್ಟ ಕೇಕು

ಆರ್ಡಿಸ್ ತನ್ನ ಆಯಸ್ಸಿನ ಬಹುಪಾಲನ್ನು ಊರಿನ ದಿನಸಿ ಅಂಗಡಿಯ ಹಿಂಬದಿ ಕೋಣೆಯಲ್ಲಿ, ಕೇಕುಗಳ ಮೇಲೆ ಚಿತ್ತಾರ ಬಿಡಿಸುತ್ತಲೇ ಕಳೆದಿದ್ದಳು. ಹುಟ್ಟುಹಬ್ಬಕ್ಕೆ ಕುದುರೆ, ಮದುವೆಗೆ ಗುಲಾಬಿ, ಈಸ್ಟರಿಗೆ ಮೊಲ, ಕ್ರಿಸ್‌ಮಸ್ಸಿಗೆ ಹಿಮ ಹೊತ್ತ ಮರ. ಊರಿನ ಅರ್ಧ ಜನರ ಹೆಸರನ್ನು ಅವಳ ಕೈ ಸಕ್ಕರೆಯಲ್ಲಿ ಬರೆದಿತ್ತು. ಆದರೆ ಪೆಟ್ಟಿಗೆಯ ಮುಚ್ಚಳ ಬಿತ್ತೆಂದರೆ ಆ ಕೇಕು ಅವಳ ಪಾಲಿಗೆ ಮುಗಿದ ಹಾಗೆ. ಮೇಣದಬತ್ತಿ ಯಾರು ಊದಿದರೋ, ಕುದುರೆಯ ಬಾಲ ಯಾರ ಬಾಯಿಗೆ ಹೋಯಿತೋ ಅವಳಿಗೆ ತಿಳಿಯದು. ಕೇಕು ಮಾಡಿದವಳನ್ನು ಪಾರ್ಟಿಗೆ ಕರೆಯುವ ರೂಢಿ ಎಲ್ಲಿಯೂ ಇಲ್ಲ. ಅದಕ್ಕಾಗಿ ಅವಳು ಯಾರನ್ನೂ ದೂರಿದವಳಲ್ಲ. ಮದುವೆಯಾಗಿರಲಿಲ್ಲ. ಒಬ್ಬಳಿಗೋಸ್ಕರ ಮನೆಯಲ್ಲಿ ಒಲೆ ಕಾಯಿಸಿ ಕೇಕು ಮಾಡುವುದು ಅವಳಿಗೆ ಯಾಕೋ ನಾಚಿಕೆಯ ಕೆಲಸ ಅನ್ನಿಸುತ್ತಿತ್ತು.

ಕೆಲಸ ಬಿಟ್ಟ ವರ್ಷ, ಜೋಳದ ಕೊಯ್ಲು ಮುಗಿದ ಮೇಲೆ, ಚರ್ಚಿನ ಲವಾನ್ ಫೋನು ಮಾಡಿದಳು. ಕೆಳಗಿನ ಹಜಾರದಲ್ಲಿ ಸುಗ್ಗಿಯ ಕೂಟ, ಕೇಕಿನ ಆಟಕ್ಕೆ ಒಂದು ಕೇಕು ಬೇಕು ಎಂದಳು. ನೆಲದ ಮೇಲೆ ಅಂಕಿ ಬರೆದಿರುತ್ತಾರೆ, ಪಿಯಾನೋ ನುಡಿಯುತ್ತಿರುವ ತನಕ ಜನ ಸುತ್ತು ಹಾಕುತ್ತಾರೆ, ಪಿಯಾನೋ ನಿಂತಾಗ ಕೂಗಿದ ಅಂಕಿಯ ಮೇಲೆ ಯಾರ ಕಾಲಿದೆಯೋ ಅವರು ಮೇಜಿನಿಂದ ಇಷ್ಟವಾದ ಕೇಕು ಆರಿಸಿಕೊಳ್ಳುತ್ತಾರೆ. ಆರಿಸಿದ್ದನ್ನು ಅಲ್ಲೇ ಕುಳಿತು, ಕಾಫಿಯ ಜೊತೆ, ಕತ್ತರಿಸಿ ತಿನ್ನುತ್ತಾರೆ. ಆರ್ಡಿಸ್ ಒಪ್ಪಿಕೊಂಡದ್ದೇ ಆ ಕೊನೆಯ ಮಾತಿಗಾಗಿ. ತಾನು ಮಾಡಿದ್ದನ್ನು ಯಾರಾದರೂ ತನ್ನ ಕಣ್ಣೆದುರು ತಿನ್ನುವುದನ್ನು ಒಂದು ಸಲ ನೋಡಬೇಕು ಎಂಬುದೊಂದೇ ಆಸೆ.

ಅವಳು ಕೆಂಪು ಕೊಟ್ಟಿಗೆಯೊಂದನ್ನು ಮಾಡಿದಳು. ಗೋಡೆಗೆ ಹಲಗೆಯ ಗೆರೆ, ಮಾಡಿನ ಮೇಲೆ ಕೋಳಿಗಳು, ಬಾಗಿಲ ಬಳಿ ಬೆರಳ ತುದಿಯಷ್ಟು ಕುಂಬಳಕಾಯಿಗಳು. ಒಳಗೆ ಸೇಬು, ದಾಲ್ಚಿನ್ನಿ.

"ಅಯ್ಯೋ ದೇವರೇ, ಇದೇನ್ರೀ ಆರ್ಡಿಸ್! ಕೋಳಿಗೆ ಕಣ್ಣೂ ಇಟ್ಟಿದೀರಲ್ರೀ!" ಎಂದು ಲವಾನ್ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. ಕೊಟ್ಟಿಗೆಯನ್ನು ಮೇಜಿನ ನಟ್ಟನಡುವೆ ಇಟ್ಟು, ಸುತ್ತ ಒಣಗಿದ ತೆನೆ, ಮೇಪಲ್ ಎಲೆ ಹರಡಿದಳು. ಒಳಗೆ ಸೇಬಿದೆ ಎಂದು ಆರ್ಡಿಸ್ ಹೇಳುವಷ್ಟರಲ್ಲಿ ಕಾಫಿ ಉಕ್ಕಿತೆಂದು ಓಡಿದಳು.

ಆರ್ಡಿಸ್ ಗೋಡೆಗೆ ತಾಗಿದ ಕುರ್ಚಿಯಲ್ಲಿ, ಕೈಚೀಲ ತೊಡೆಯ ಮೇಲಿಟ್ಟು ಕುಳಿತಳು. ಪಿಯಾನೋ ನಿಂತಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಗೆದ್ದವರು ಬಂದು, ಕೊಟ್ಟಿಗೆಯ ಮುಂದೆ ಬಗ್ಗಿ, ಫೋಟೋ ತೆಗೆದು, ಪಕ್ಕದ ಚಾಕೊಲೇಟ್ ಕೇಕನ್ನೋ ಅಂಗಡಿಯಿಂದ ತಂದ ಹಸಿರು ಕಪ್‌ಕೇಕನ್ನೋ ಎತ್ತಿಕೊಂಡು ಹೋದರು.

ಟೋಪಿ ಹಾಕಿದ ರೈತನೊಬ್ಬ ಗೆದ್ದು ಬಂದ. "ನಮ್ಮ ಕೊಟ್ಟಿಗೆಗಿಂತ ಇದೇ ಗಟ್ಟಿಯಾಗಿದೆ ಕಣೇ. ತಗೊಂಡ್ಬಿಡ್ಲಾ?"

"ನಿಮ್ಮ ತಲೆ! ಅದು ಅಲಂಕಾರಕ್ಕೆ ಇಟ್ಟಿರೋದು, ಒಳಗೆ ಥರ್ಮಾಕೋಲು," ಎಂದಳು ಹೆಂಡತಿ. "ಆ ನಿಂಬೆಹಣ್ಣಿಂದು ತಗೊಳ್ಳಿ, ಬನ್ನಿ."

ಆರ್ಡಿಸ್ ಎದ್ದು ಹೇಳಬಹುದಿತ್ತು. ಆದರೆ ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಬದುಕಿದವಳು. ಮೇಲಾಗಿ, ಅಂಗಡಿಯ ಗಾಜಿನ ಕಿಟಕಿಗೆ ವರ್ಷ ವರ್ಷವೂ ಥರ್ಮಾಕೋಲಿಗೆ ಐಸಿಂಗ್ ಬಳಿದು ಇಡುತ್ತಿದ್ದವಳು ಅವಳೇ. ಮುಟ್ಟಬಾರದ ಕೇಕು ಹೇಗಿರುತ್ತದೆಂದು ಊರಿಗೆ ಕಲಿಸಿದವಳೂ ಅವಳೇ.

ಜನ ಕೋಟು ಹಾಕಿಕೊಂಡು ಹೊರಟರು. ಮೇಜಿನ ಮೇಲೆ ಕೊಟ್ಟಿಗೆಯೊಂದೇ ಉಳಿಯಿತು.

"ಇದನ್ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ಬಾಗಿಲ ಹತ್ರ ಇಡ್ತೀವಿ," ಎಂದಳು ಲವಾನ್. "ಬಂದೋರೆಲ್ಲ ನೋಡ್ಲಿ."

"ಅದು ಕೇಕು, ಲವಾನ್."

"ಹ್ಞೂಂ ಮತ್ತೆ! ಥೇಟ್ ಕೇಕಿನ ಹಾಗೇ ಇದೆ!"

ಆರ್ಡಿಸ್ ಕೈಚೀಲ ಕೆಳಗಿಟ್ಟಳು. ಕಾಫಿಯ ಮೇಜಿನಿಂದ ಚಾಕು ತಂದು, ಮಾಡಿನ ಮೇಲಿನ ಕೋಳಿಗಳ ನಡುವೆ ಊರಿ, ಕೊಟ್ಟಿಗೆಯ ಒಂದು ಮೂಲೆಯನ್ನು ಸೀಳಿದಳು. ಲವಾನ್ ಕಿಟಾರನೆ ಕಿರುಚಿದಳು. ಸೇಬಿನ ಹೋಳು ತೆನೆಯ ಮೇಲೆ ಉದುರಿತು, ದಾಲ್ಚಿನ್ನಿಯ ವಾಸನೆ ಬಂತು.

"ಅಯ್ಯಯ್ಯೋ, ಅಂಗಡಿ ಕಿಟಕೀಲಿ ಇಡ್ತಿದ್ರಲ್ಲ, ಅಂಥದ್ದೇ ಅಂದ್ಕೊಂಡೆ. ನೀವು ಹೇಳ್ಬಾರ್ದಿತ್ತೇನ್ರೀ?" ಎಂದಳು ಲವಾನ್. ಅವಳ ಕಣ್ಣು ಒದ್ದೆಯಾಗಿತ್ತು. ಆದರೆ ಹೊರಗೆ ಗಂಡ ಕಾರಿನ ಹಾರ್ನ್ ಒತ್ತುತ್ತಿದ್ದ. ನಾಳೆ ಮಾತಾಡುವೆನೆಂದು ಹೇಳಿ ಅವಳೂ ಹೋದಳು.

ಕುರ್ಚಿ ಮಡಚುತ್ತಿದ್ದ ಹಾರ್ಲನ್ ಎಂಬ ಮುದುಕ ಹತ್ತಿರ ಬಂದ. "ನಿಜವಾದ್ದಾ ಅದು? ಸಂಜೆಯಿಂದ ಬಾಯಲ್ಲಿ ನೀರೂರ್ತಿತ್ತು, ಥರ್ಮಾಕೋಲಿಗೆ ಆಸೆ ಪಟ್ನಲ್ಲಾ ಅಂತ ನನ್ನನ್ನ ನಾನೇ ಬೈಕೊಂಡೆ."

ಅವಳು ದೊಡ್ಡ ತುಂಡು ಹಾಕಿಕೊಟ್ಟಳು. ಅವನು ಮಡಚಿದ ಕುರ್ಚಿಯನ್ನೇ ಮತ್ತೆ ಬಿಡಿಸಿ ಕುಳಿತು, ನಿಧಾನವಾಗಿ ತಿಂದ. ಅವಳು ನಿಂತೇ ನೋಡಿದಳು.

"ಹೇಗಿದೆ?" ಆ ಮಾತು ಕೇಳುವಾಗ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

"ಸೇಬು ಚೆನ್ನಾಗಿದೆ," ಎಂದ ಹಾರ್ಲನ್. ಇನ್ನೊಂದಿಷ್ಟು ಜಗಿದ. "ಬೇಜಾರು ಮಾಡ್ಕೋಬೇಡಿ, ಈ ಕೆಂಪು ಗೋಡೆ ಸ್ವಲ್ಪ ಕಹಿ."

ಕೆಂಪು ಬಣ್ಣ ಹೆಚ್ಚಾದರೆ ಕಹಿಯಾಗುತ್ತದೆಂದು ಆರ್ಡಿಸ್‌ಗೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಗೊತ್ತಾಗಿತ್ತು. ಅಷ್ಟು ಗುಲಾಬಿ, ಅಷ್ಟು ಸಾಂತಾ ಟೋಪಿ ಊರಿಗೆ ಹಂಚಿದ್ದಳು. ಕಹಿ ಎಂದು ಇದುವರೆಗೆ ಒಬ್ಬರೂ ಬಂದು ಹೇಳಿರಲಿಲ್ಲ.

"ಹೌದು, ಕಹಿ," ಎಂದಳು. ಕುರ್ಚಿಯೊಂದನ್ನು ಎಳೆದುಕೊಂಡು ಅವನೆದುರು ಕುಳಿತಳು. "ಮಾಡಿನ ಕಡೆಯಿಂದ ಕೊಡ್ತೀನಿ ಇರಿ. ಅಲ್ಲಿ ಬಣ್ಣ ಇಲ್ಲ, ಬರೀ ಬೆಣ್ಣೆ."