ಹಣೆಗೆ ಹೋಗುವ ಕೈ

ಅಮೆರಿಕದ ನಮ್ಮ ಬಂದರೂರು ಮಾರ್ಬಲ್‌ಹೆಡ್‌ನಲ್ಲಿ ಯಾರೂ ಯಾರಿಗೂ ಸಲಾಮು ಹೊಡೆಯುವುದಿಲ್ಲ. ಅದೇ ನಮ್ಮ ಜಂಬ. ಅಕ್ಕ ಕೆಜಾಯಾಳ ಗಂಡ ವಿಲ್ಮಟ್ ಮಾತ್ರ, ಯಾರು ಏನು ಕೊಟ್ಟರೂ, ಬೆರಳು ಮಡಿಸಿ ಗೆಣ್ಣನ್ನು ಹಣೆಗೆ ಮುಟ್ಟಿಸುತ್ತಿದ್ದ. ಇಂಗ್ಲಿಷ್ ದೊರೆಯ ಯುದ್ಧದ ಹಡಗಿನಲ್ಲಿ ಚಾಟಿಯೇಟು ತಿಂದು ಕಲಿತ ಪಾಠ ಅದು. ಅಲ್ಲಿಂದ ತಪ್ಪಿಸಿಕೊಂಡು ಬಂದು ನಮ್ಮ ದೇಶದವನಾಗಿದ್ದ. ಆದರೂ ಅಮ್ಮ ಮೀನಿನ ಸಾರು ಬಡಿಸಿದರೆ ಕೈ ಹಣೆಗೆ ಹೋಗುತ್ತಿತ್ತು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅವನ ಪುಟ್ಟ ಮಗಳು ಪ್ರೂ ಅದನ್ನೇ ಆಟ ಮಾಡಿಕೊಂಡಿದ್ದಳು.

ಸಮುದ್ರದಲ್ಲಿ ಅದು ನಗುವ ವಿಷಯವಲ್ಲ. ಫ್ರೆಂಚರ ಜೊತೆ ಕಾದಾಡಲು ಆಳು ಸಾಲದೆ ಇಂಗ್ಲಿಷರು ನಮ್ಮ ಸರಕು ಹಡಗುಗಳನ್ನು ತಡೆದು, ತಮ್ಮವರೆಂದು ಕಂಡವರನ್ನು ಎಳೆದೊಯ್ಯುತ್ತಿದ್ದರು. ಓಡಿಹೋಗಿದ್ದವನು ಸಿಕ್ಕರೆ ನೇಣು. ವಾಷಿಂಗ್ಟನ್ನಿನ ದೊಡ್ಡವರು ಮಾಡಿದ್ದೇನು? ನಮ್ಮ ಹಡಗುಗಳನ್ನೇ ಬಂದರಿನಲ್ಲಿ ಕಟ್ಟಿಹಾಕಿ, ವ್ಯಾಪಾರ ನಿಂತರೆ ಇಂಗ್ಲಿಷರಿಗೆ ಬುದ್ಧಿ ಬರುತ್ತದೆ ಎಂದರು. ಅವರಿಗೆ ಬುದ್ಧಿ ಬರಲಿಲ್ಲ, ನಮ್ಮ ಒಲೆ ಆರಿತು.

ಆ ಕಟ್ಟು ಸಡಿಲವಾದ ಮೇಲೆ ಹೊಟ್ಟೆಪಾಡಿಗಾಗಿ ಉಪ್ಪುಮೀನು ತುಂಬಿಕೊಂಡು ಲಿಸ್ಬನ್ ಕಡೆಗೆ ಹೊರಟೆವು. ವಿಲ್ಮಟ್ ಕೂಡ ಬಂದ. ದಾರಿಯುದ್ದಕ್ಕೂ ಅವನಿಗೆ ನನ್ನದೇ ಪಾಠ. ನಾನು ಸೀಟಿ ಊದುವುದು, ಗದರುವುದು, ಬಿಸ್ಕತ್ತು ಕೊಡುವುದು; ಅವನು ಕೈ ಎತ್ತದೆ ನಿಲ್ಲುವುದು.

"ಭಾವ, ಕೈ ಹಿಡಿತದಲ್ಲಿರಲಿ," ಅಂದೆ.

"ಬೇಕಾದ್ರೆ ಕಟ್ಟಿಹಾಕೋ ಮಾರಾಯ," ಅಂದ. ನಗುತ್ತಿದ್ದರೂ ಮುಖ ಬಿಳಿಚಿಕೊಂಡಿತ್ತು.

ಒಂದು ಬೆಳಿಗ್ಗೆ ನಮ್ಮ ಹಡಗಿನ ಮುಂದೆಯೇ ನೀರಿಗೆ ಗುಂಡು ಬಿತ್ತು. ಹಾಯಿ ಇಳಿಸಿದೆವು. ದೋಣಿಯಲ್ಲಿ ಬಂದ ಇಂಗ್ಲಿಷ್ ಅಧಿಕಾರಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ, ಹಿಂದೆ ಬಂದೂಕಿನವರಿದ್ದರು. ನಮ್ಮನ್ನು ಸಾಲಾಗಿ ನಿಲ್ಲಿಸಿ, ನಮ್ಮ ಪೌರತ್ವದ ಚೀಟಿಗಳನ್ನು ಕಸಿದುಕೊಂಡ. ಇಂಥವು ಬಾಸ್ಟನ್ನಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ ಎಂದು ಗೊಣಗಿ, ತನ್ನವನಿಂದ ಸೀಟಿ ಊದಿಸಿದ. ಆ ಸೀಟಿಗೆ ಅವರ ಹಡಗಿನಲ್ಲಿ ದುಡಿದವರ ಮೈ ತಾನಾಗಿಯೇ ಸೆಟೆಯುತ್ತದೆ. ವಿಲ್ಮಟ್ ಮೂಗು ಕೆರೆದುಕೊಂಡ. ಅಧಿಕಾರಿ ಮುಖಕ್ಕೆ ಮುಖವಿಟ್ಟು ಗದರಿದ. ವಿಲ್ಮಟ್ ಪಕ್ಕಕ್ಕೆ ತಿರುಗಿ ತಂಬಾಕು ಉಗಿದ.

ಅಧಿಕಾರಿಗೆ ಬೇಸರ ಬಂತು. ಬಂದೂಕಿನವರಿಗೆ ದೋಣಿ ಹತ್ತಲು ಹೇಳಿ, ಚೀಟಿಗಳನ್ನು ಹಿಂದಕ್ಕೆ ಕೊಡುತ್ತಾ ಬಂದ. ಹೋದ ಜೀವ ಬಂದಂತಾಯಿತು. ವಿಲ್ಮಟ್ ಕೂಡ ಉಸಿರು ಬಿಟ್ಟದ್ದು ಕೇಳಿಸಿತು.

"ತಗೊಳಪ್ಪಾ. ಮನೆಗೆ ಹುಷಾರಾಗಿ ಹೋಗು," ಎಂದು ಅಧಿಕಾರಿ ಅವನ ಚೀಟಿ ಚಾಚಿದ.

ಭಯ ಇರುವ ತನಕ ಕೈ ಹಿಡಿತದಲ್ಲಿತ್ತು. ಎಡಗೈ ಚೀಟಿ ತೆಗೆದುಕೊಂಡಿತು. ಬಲಗೈ ಬೆರಳು ಮಡಿಸಿಕೊಂಡು ಹಣೆ ಮುಟ್ಟಿತು.

ಕೈ ಹಣೆಯ ಮೇಲೆಯೇ ನಿಂತುಬಿಟ್ಟಿತ್ತು. ಅದು ತನ್ನದಲ್ಲವೇನೋ ಎಂಬಂತೆ ವಿಲ್ಮಟ್ ಕಣ್ಣೆತ್ತಿ ನೋಡಿದ.

"ಯಾವ ಹಡಗಿಂದ ಓಡಿದ್ದು?" ಅಧಿಕಾರಿ ಮೆಲ್ಲಗೆ ಕೇಳಿದ.

ದೋಣಿಗೆ ಇಳಿಸುವಾಗ ವಿಲ್ಮಟ್ ನನ್ನ ಕಡೆ ತಿರುಗಿದ. "ಪ್ರೂಗೆ ಆ ಆಟ ಬಿಡಿಸು," ಎಂದಷ್ಟೇ ಹೇಳಿದ.

ಊರಿಗೆ ಬಂದಾಗ ಕೆಜಾಯಾ ಬಾಗಿಲಲ್ಲೇ ನಿಂತು ನನ್ನ ಬೆನ್ನ ಹಿಂದೆ ನೋಡಿದಳು. ನಾನು ಲಿಸ್ಬನ್ನಿನಿಂದ ತಂದ ಕಿತ್ತಳೆಯನ್ನು ಪ್ರೂ ಕೈಗೆ ಕೊಟ್ಟೆ. ಅವಳು ಬೆರಳು ಮಡಿಸಿ ಹಣೆ ಮುಟ್ಟಿಕೊಂಡು, ನಾವು ನಗುತ್ತೇವೆಂದು ಕಾದಳು.