ಸೋಮಮ್ಮನ ಅಂಗಳಕ್ಕೆ ಹೋದ ಸಭೆ

ಸೋಮಮ್ಮನ ಬಲಗಾಲು ಮುರಿದದ್ದು ಯುಗಾದಿಯ ಮರುವಾರ, ಅಟ್ಟದ ಮೇಲಿದ್ದ ದೊಡ್ಡ ಪಾತ್ರೆ ಇಳಿಸಲು ಸ್ಟೂಲು ಹತ್ತಿದಾಗ. ಆರು ವಾರ ಕಾಲು ನೆಲಕ್ಕೆ ಊರಬಾರದು ಅಂತ ಡಾಕ್ಟರು ಹೇಳಿದರು. ನಲವತ್ತು ವರ್ಷ ನರ್ಸ್ ಆಗಿದ್ದವರಿಗೆ ಕಾಲಿನ ನೋವು ದೊಡ್ಡದಾಗಿ ಕಾಣಲಿಲ್ಲ. ಬೆಳಿಗ್ಗೆ ಏಳಕ್ಕೆ ವಾಚನಾಲಯಕ್ಕೆ ಹೋಗಲಾಗದ್ದೇ ದೊಡ್ಡ ಸಂಕಟವಾಯಿತು. ಸರಸ್ವತಿಪುರಂನ ಅವರ ಬೀದಿಯ ನಿವಾಸಿಗಳ ಸಂಘದ ಕಟ್ಟಡದಲ್ಲಿ ಒಂದು ಓದುವ ಕೋಣೆಯಿತ್ತು. ಅಲ್ಲಿ ನಾಲ್ಕು ಪೇಪರುಗಳನ್ನೂ ಪೂರ್ತಿ ಓದಿ, ತಪ್ಪು ಅಚ್ಚಾದ ಪದಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿಟ್ಟು ಬರುವುದು ಅವರ ಅಭ್ಯಾಸ.

ಅವರು ಹಾಸಿಗೆ ಹಿಡಿದ ಹದಿನೈದೇ ದಿನಕ್ಕೆ ಸಂಘದ ಅಧ್ಯಕ್ಷ ಶಿವಪ್ರಕಾಶ್ ಆ ಕೋಣೆಯ ಮೇಲೆ ಕಣ್ಣು ಹಾಕಿದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿಯ ದಿನ ಬಾಗಿಲ ಮೇಲಿನ ಹೆಸರಿನ ಫಲಕವನ್ನು ಮನೆಗೆ ತಂದಿದ್ದರು. ಅದನ್ನು ಮತ್ತೆ ತೂಗಿಹಾಕಲು ಅವರಿಗೊಂದು ಬಾಗಿಲು ಬೇಕಿತ್ತು. ಓದುವ ಕೋಣೆಯನ್ನು ಅಧ್ಯಕ್ಷರ ಕೊಠಡಿ ಮಾಡುವ ವಿಷಯ ಏಪ್ರಿಲ್ ಕೊನೆಯ ಭಾನುವಾರದ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿತು.

ಸೋಮಮ್ಮ ತಮ್ಮ ಮತ ವಿರುದ್ಧ ಎಂದು ಕಾಗದ ಬರೆದು ಕಳಿಸಿದರು. ಎರಡೇ ಸಾಲಿನ ಉತ್ತರ ಬಂತು: ನಿಯಮ ಹದಿನಾಲ್ಕರ ಪ್ರಕಾರ ಸಭೆ ನಡೆಯುವ ಜಾಗದಲ್ಲಿ ಹಾಜರಿರುವ ಸದಸ್ಯರಿಗೆ ಮಾತ್ರ ಮಾತಾಡುವ, ಮತ ಹಾಕುವ ಹಕ್ಕು; ಪತ್ರ, ಫೋನು, ಬದಲಿ ವ್ಯಕ್ತಿ ಯಾವುದೂ ನಡೆಯದು.

ಉತ್ತರ ತಂದುಕೊಟ್ಟವಳು ಸಂಘದ ಕಾರ್ಯದರ್ಶಿ ಸಂಘಮಿತ್ರ. ಕಡಕೊಳದ ಕಾರ್ಖಾನೆಯೊಂದರಲ್ಲಿ ಹದಿಮೂರು ವರ್ಷದಿಂದ ಕಾರ್ಮಿಕರ ಹಾಜರಾತಿ ನೋಡಿಕೊಳ್ಳುತ್ತಿದ್ದವಳು.

"ಕಾಲು ಮುರ್ದಿರೋದು ಕಣಮ್ಮ, ಕೈಯಲ್ಲ. ಕೈ ಎತ್ತಕ್ಕೆ ಏನಡ್ಡಿ?" ಅಂದರು ಸೋಮಮ್ಮ.

ನಿಯಮದಲ್ಲಿ ತಪ್ಪಿಲ್ಲ ಎಂದು ಸಂಘಮಿತ್ರ ಸಮಾಧಾನದಿಂದ ಹೇಳಿದಳು. ಇವತ್ತು ನಿಮ್ಮೊಬ್ಬರ ಕಾಗದ ಒಪ್ಪಿಕೊಂಡರೆ ನಾಳೆ ಅಧ್ಯಕ್ಷರು ಮನೆಮನೆ ತಿರುಗಿ ಇಪ್ಪತ್ತು ಕಾಗದ ತರುತ್ತಾರೆ ಅಂದಳು. ಹಾಗಾದರೆ ಕುರ್ಚಿ ಸಮೇತ ಹೊತ್ತುಕೊಂಡು ಹೋಗಿ ಅಂತ ಸೋಮಮ್ಮ ಹಠ ಹಿಡಿದರೆ, ಸೊಸೆ ಪ್ರೀತಿ ಖಂಡಿತ ಬೇಡವೆಂದಳು. ಸಭೆ ನಡೆಯುವ ಹಾಲು ಮೊದಲ ಮಹಡಿಯಲ್ಲಿ, ಮೆಟ್ಟಿಲು ಕಡಿದು.

ಸೋಮಮ್ಮ ಸಿಟ್ಟಿನಿಂದ ಆ ದಿನದ ಪೇಪರನ್ನು ಮುಂದೆ ತಳ್ಳಿದರು. ಭಾನುವಾರ ಹನ್ನೊಂದರಿಂದ ನಾಲ್ಕರವರೆಗೆ ಆ ಕಡೆಯ ಬೀದಿಗಳಿಗೆಲ್ಲ ಕರೆಂಟಿಲ್ಲ ಎಂಬ ಪ್ರಕಟಣೆ ಇತ್ತು. ಫ್ಯಾನಿಲ್ಲದೆ ಎಲ್ಲರೂ ಅಲ್ಲೇ ಬೇಯಲಿ ಎಂದು ಗೊಣಗಿದರು. ಸಂಘಮಿತ್ರ ಆ ಪ್ರಕಟಣೆಯನ್ನು ಎರಡು ಸಲ ಓದಿದಳು. ಚೀಲದಿಂದ ನಿಯಮಗಳ ಪುಸ್ತಕ ತೆಗೆದು ಒಂಬತ್ತನೇ ನಿಯಮ ನೋಡಿದಳು. ಆಮೇಲೆ ಅಂಗಳದ ಹೊಂಗೆಮರದ ಕೆಳಗೆ ಎಷ್ಟು ಜನ ಕೂರಬಹುದು, ಭಾನುವಾರ ಒಂದು ಕೊಳಗ ಮಜ್ಜಿಗೆ ಮಾಡಲಾದೀತೇ ಎಂದು ಪ್ರೀತಿಯನ್ನು ಕೇಳಿದಳು.

ಭಾನುವಾರ ಅಧ್ಯಕ್ಷರೂ ಸೇರಿ ಹತ್ತೊಂಬತ್ತು ಜನ ಸೇರಿದರು. ಶಿವಪ್ರಕಾಶ್ ಮುಕ್ಕಾಲು ಗಂಟೆ ಮಾತಾಡಿದರು. ಉಳಿದವರು ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳುತ್ತಿದ್ದಂತೆ ಸಂಘಮಿತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಕೊಠಡಿಯ ಪರ ಹತ್ತು, ವಿರುದ್ಧ ಒಂಬತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ತಗಡಿನ ಚಾವಣಿಯ ಹಾಲು ಐದೇ ನಿಮಿಷಕ್ಕೆ ಕಾದ ಕಾವಲಿಯಾಯಿತು. ಎಲ್ಲರ ಕೈಗೂ ಕಾರ್ಯಸೂಚಿಯೇ ಬೀಸಣಿಗೆ.

ಸಂಘಮಿತ್ರ ಎದ್ದು ನಿಂತಳು. ಹಾಜರಿರುವವರ ಬಹುಮತವಿದ್ದರೆ ಸಭೆಯನ್ನು ಅದೇ ದಿನ ಬೀದಿಯ ಬೇರೊಂದು ಜಾಗದಲ್ಲಿ ಮುಂದುವರಿಸಬಹುದು ಎಂಬ ಒಂಬತ್ತನೇ ನಿಯಮ ಓದಿದಳು. ಮೂರನೇ ಮನೆಯಲ್ಲಿ ನೆರಳಿದೆ, ಮಜ್ಜಿಗೆಯೂ ಇದೆ ಅಂದಳು. ಹದಿನಾರು ಕೈ ಮೇಲೆದ್ದವು. ಕೊಠಡಿಯ ಪರ ಗಂಟಲು ಹರಿಯುವಂತೆ ಮಾತಾಡಿದ್ದ ದೇವರಾಜು ಎರಡೂ ಕೈ ಎತ್ತಿದ್ದ.

ಅದು ಯಾರ ಮನೆ ಅಂತ ಶಿವಪ್ರಕಾಶರಿಗೆ ತಿಳಿಯದ್ದೇನಲ್ಲ.

"ಅಧ್ಯಕ್ಷ ಇರೋ ಕಡೆ ಸಭೆ ಕಣ್ರೀ. ಯಾರ್ಯಾರ್ದೋ ಮನೆ ಜಗಲಿಗೆ ನಾನು ಬರಲ್ಲ," ಅಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತುಬಿಟ್ಟರು.

ಹದಿನೆಂಟು ಜನ ತಮ್ಮ ತಮ್ಮ ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಬೀದಿಗಿಳಿದರು. ಯಾರ ಮನೆಯಲ್ಲಿ ಊಟ ಎಂದು ಆಟೋದವನೊಬ್ಬ ಗಾಡಿ ನಿಲ್ಲಿಸಿ ಕೇಳಿದ. ಜಗಲಿಯಲ್ಲಿ ಸೋಮಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು, ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟು, ಹಾಜರಿ ಪುಸ್ತಕಕ್ಕೆ ಕಾಯುತ್ತಿದ್ದರು. ಹೊಸ ಜಾಗಕ್ಕೆ ಹೊಸ ಪುಟದಲ್ಲಿ ಹಾಜರಿ ಹಾಕಿದಾಗ ಅವರ ಸಹಿ ಹತ್ತೊಂಬತ್ತನೆಯದಾಯಿತು. ಅಧ್ಯಕ್ಷರಿಲ್ಲದ್ದರಿಂದ ಉಪಾಧ್ಯಕ್ಷೆ ತಿಮ್ಮಮ್ಮ ಸಭೆ ನಡೆಸಿದರು.

ಮಜ್ಜಿಗೆ ಎರಡನೇ ಸುತ್ತು ಬರುವಾಗ ಸಂಘಮಿತ್ರಳ ಫೋನು ರಿಂಗಾಯಿತು. ಅವಳು ಸ್ಪೀಕರಿಗೆ ಹಾಕಿದಳು. ಹಾಲಿನಿಂದ ಶಿವಪ್ರಕಾಶರ ದನಿ.

"ನನ್ನ ವೋಟು ಕೊಠಡಿ ಪರ. ಬರ್ಕೊಂಬುಡಿ."

"ಬರ್ಕೊಬೋದಿತ್ತು ಸಾರ್. ಆದ್ರೆ ತಾವು ಗೈರುಹಾಜರು. ನಿಯಮ ಹದಿನಾಲ್ಕು."

ಆ ಕಡೆ ಕುರ್ಚಿ ಸರಿದ ಸದ್ದು, ಹಿಂದೆಯೇ ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ಕೇಳಿಸಿತು. ತಿಮ್ಮಮ್ಮ ಕೈ ಎತ್ತಲು ಹೇಳಿದರು. ಕೊಠಡಿಯ ಪರ ಒಂಬತ್ತು, ವಿರುದ್ಧ ಹತ್ತು. ಹತ್ತನೆಯ ಕೈ ಎಲ್ಲಕ್ಕಿಂತ ಎತ್ತರವಾಗಿತ್ತು. ಎಣಿಕೆ ಮುಗಿದ ಮೇಲೂ ಇಳಿಯಲಿಲ್ಲ.

ಓಡುತ್ತಾ ಬಂದ ಶಿವಪ್ರಕಾಶ್ ಗೇಟಿನ ಹತ್ತಿರ ನಿಂತಾಗ ನಿರ್ಣಯ ಬರೆದಾಗಿತ್ತು. ಅಂಗಿ ಬೆವರಿನಿಂದ ಮೈಗಂಟಿತ್ತು. ಯಾರಾದರೂ ನಕ್ಕರೆ ಜಗಳವೇ ಆಗುತ್ತಿತ್ತೇನೋ. ಸೋಮಮ್ಮ ನಗಲಿಲ್ಲ. ಮನುಷ್ಯ ಆ ಸೆಕೆಯಲ್ಲಿ ಒಬ್ಬನೇ ಕೂತಿದ್ದ ಎಂದು ನರ್ಸಮ್ಮನಿಗೆ ಕನಿಕರವೇ ಆಯಿತು.

"ಬನ್ನಿ ಶಿರಸ್ತೇದಾರ್ರೇ, ಮೊದ್ಲು ಒಂದು ಲೋಟ ಕುಡೀರಿ," ಅಂದರು.

ಅವರು ಎರಡು ಲೋಟ ಕುಡಿದರು. ಮೂರು ದಿನ ಯಾರ ಜೊತೆಗೂ ಮಾತಾಡದೆ ಇದ್ದು, ನಾಲ್ಕನೇ ದಿನ ಸಂಘಕ್ಕೊಂದು ಪತ್ರ ಬರೆದರು: ಕಾರಣಾಂತರದಿಂದ ಬರಲಾಗದ ಸದಸ್ಯರಿಗೆ ಫೋನಿನಲ್ಲಿ ಭಾಗವಹಿಸುವ ಹಕ್ಕು ಕೊಟ್ಟು ನಿಯಮ ಹದಿನಾಲ್ಕನ್ನು ತಿದ್ದಬೇಕು. ಓದಿದವರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಜೂನ್ ಸಭೆಗೆ ಸೋಮಮ್ಮ ಊರುಗೋಲು ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು, ಹಾಲಿಗೆ ಬಂದರು. ಆ ತಿದ್ದುಪಡಿಯನ್ನು ಅನುಮೋದಿಸಲು ಎದ್ದವರೂ ಅವರೇ. ಯಾರ ಕಾಲು ಯಾವಾಗ ಮುರಿಯುತ್ತೋ ಹೇಳಕ್ಕಾಗಲ್ಲ ಅಂದರು. ಶಿವಪ್ರಕಾಶ್ ಎದ್ದು ಅವರಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು.